ಅತ್ತೆಯ ಕ್ಯಾಟಮರಾನ್

ನಮ್ಮ ಸೋದರತ್ತೆಯ ಪ್ರಕಾರ ಇಂಗ್ಲಿಷರಿಗೆ ಸ್ವಂತದ್ದೊಂದು ಭಾಷೆಯೇ ಇರಲಿಲ್ಲ. ಇದ್ದಬದ್ದ ಪದವೆಲ್ಲ ನಮ್ಮ ಕಡೆಯಿಂದ ಹೊತ್ತುಕೊಂಡು ಹೋದದ್ದು. ಹೊಟ್ಟೆ ತುಂಬಿಸುವ ಜಾಗವಾದ್ದರಿಂದ ಹೋಟೆಲು. ಅಲ್ಲವೆನ್ನಲು ನಾವು ಯಾರು? ಒಮ್ಮೆ ನಂಜನಗೂಡಿನ ಆಸ್ಪತ್ರೆಯಲ್ಲಿ ಅತ್ತೆಗೆ ಡ್ರಿಪ್ ಹಾಕಬೇಕಿತ್ತು. ನರ ಸಿಗದೆ ಒದ್ದಾಡುತ್ತಿದ್ದ ನರ್ಸಮ್ಮನಿಗೆ, "ನರ ಹುಡುಕೋರ್ಗೇ ಕಣಮ್ಮ ನರ್ಸು ಅನ್ನೋದು, ನಿಧಾನಕ್ಕೆ ಹುಡುಕು" ಎಂದರು. ಆಕೆ ನಗು ತಡೆಯಲಾರದೆ ಸೂಜಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟು ಹೊರಗೆ ಹೋದಳು!

ಇಂಥ ಅತ್ತೆಗೆ ಎದುರಾಳಿಯಾಗಿ ಬಂದವರು ನನ್ನ ಅಕ್ಕನ ಗಂಡ. ಭಾವ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅತ್ತೆ ಬಾಯಿ ತೆರೆದಾಗಲೆಲ್ಲ ಅವರು ಫೋನಿನಲ್ಲಿ ನಿಘಂಟು ತೆರೆಯುವರು. ಪ್ರತಿಸಲವೂ ಅತ್ತೆಗೇ ಸೋಲು. ಸೋತೆನೆಂದು ಒಪ್ಪಿಬಿಟ್ಟರೆ ಅವರು ನಮ್ಮತ್ತೆ ಹೇಗಾದಾರು?

ಹೋದ ವರ್ಷ ಮನೆಮಂದಿಯೆಲ್ಲ ತಿ. ನರಸೀಪುರಕ್ಕೆ ಹೋಗಿದ್ದೆವು. ಸಂಗಮದ ಮೆಟ್ಟಿಲ ಮೇಲೆ ಪುಳಿಯೋಗರೆ ತಿನ್ನುತ್ತ ಕೂತಿದ್ದಾಗ ಭಾವ ಎಲ್ಲರೆದುರಿಗೆ ಸವಾಲು ಹಾಕಿದರು.

"ಅತ್ತೆ, ಸಮುದ್ರದಲ್ಲಿ ಎರಡು ದೋಣಿ ಜೋಡಿಸ್ದಂಗೆ ಒಂದು ಇರುತ್ತಲ್ಲ, ಅದಕ್ಕೆ ಇಂಗ್ಲಿಷಲ್ಲಿ ಕ್ಯಾಟಮರಾನ್ ಅಂತಾರೆ. ಅದನ್ನೂ ನಾವೇ ಕೊಟ್ವಾ? ತಪ್ಪಾದ್ರೆ ಇನ್ಮೇಲೆ ನೀವು ಇಂಗ್ಲಿಷಿನ ತಂಟೆಗೆ ಬರ್ಕೂಡ್ದು."

ಸಮುದ್ರವನ್ನೇ ಕಾಣದ ಅತ್ತೆ ಆ ಪದವನ್ನು ಬಾಯಲ್ಲಿ ಹೊರಳಿಸಿದರು. "ಕಟಮರ... ಕಟ್ಟುಮರ. ಮರದ ದಿಮ್ಮಿ ಜೋಡ್ಸಿ ಕಟ್ಟಿರ್ತಾರೆ. ಇನ್ನೇನು ಅಳಿಯಂದ್ರೆ?"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭಾವ ನಗುತ್ತಲೇ ನಿಘಂಟು ತೆರೆದರು. ಅವರ ನಗು ಅಲ್ಲೇ ನಿಂತಿತು.

"ಕಟ್ಟುಮರಂ. ಕಟ್ಟು ಅಂದ್ರೆ ಕಟ್ಟೋದು, ಮರಂ ಅಂದ್ರೆ ಮರ" ಎಂದು ಮೆಲ್ಲಗೆ ಓದಿದರು. "ಆದ್ರೆ ತಮಿಳು ಅಂತಿದೆ ಅತ್ತೆ."

"ಇರ್ಲಿ ಬಿಡಿ. ಅವರ್ದು ಮರಂ, ನಮ್ದು ಮರ. ಅಕ್ಕತಂಗೀರ ಮನೆ ಪಾತ್ರೆ, ಯಾರ ಮನೇದಾದ್ರೇನು?"

ಹೀಗೆಂದವರೇ ಡಬ್ಬಿಯಲ್ಲಿ ಉಳಿದಿದ್ದ ಪುಳಿಯೋಗರೆಯನ್ನೆಲ್ಲ ಭಾವನ ತಟ್ಟೆಗೆ ಸುರಿದರು. ರಾಜ್ಯ ಗೆದ್ದ ರಾಣಿಯೂ ಸೋತವನಿಗೆ ಇಷ್ಟು ಉದಾರವಾಗಿ ಬಡಿಸಿರಲಾರಳು.

ಹಿಂತಿರುಗುವಾಗ ಕಾರಿನಲ್ಲಿ ಕೇಳಿದೆ, "ನಿಮಗ್ಯಾಕತ್ತೆ ಈ ಹುಚ್ಚು?"

ಅತ್ತೆ ಕಿಟಕಿಯಾಚೆ ನೋಡುತ್ತ ಹೇಳಿದರು. "ಎಸ್ಸೆಸ್ಸೆಲ್ಸೀಲಿ ಇಂಗ್ಲಿಷ್ ಒಂದೇ ಕಣೋ ಹೋಗಿದ್ದು. ಅಪ್ಪ ಓದು ಬಿಡಿಸ್ಬಿಟ್ರು. ಆಮೇಲೆ ಎಲ್ಲಿ ನೋಡಿದ್ರೂ ಅದೇ. ಬ್ಯಾಂಕಲ್ಲಿ, ಬೋರ್ಡಲ್ಲಿ, ಔಷಧಿ ಚೀಟೀಲಿ. ಗೊತ್ತಿಲ್ದಿರೋ ಊರಿಗೆ ಹೋದಾಗ ನಮ್ಮೋರ್ಯಾರಾದ್ರೂ ಸಿಕ್ತಾರಾ ಅಂತ ನೋಡ್ತೀವಲ್ಲ, ಹಂಗೆ ಹುಡುಕ್ತಿದ್ದೆ. ಇವತ್ತು ಒಬ್ರು ಸಿಕ್ಕಿದ್ರು."

ಮುಂದಿನ ಸೀಟಿನಲ್ಲಿದ್ದ ಭಾವ ನಿಘಂಟಿನಲ್ಲಿ ಮತ್ತೆ ಆ ಪದವನ್ನು ತೆರೆದರು. ಆಮೇಲೆ ಫೋನನ್ನು ಹಿಂದಕ್ಕೆ ಚಾಚಿದರು.

"ನೀವೇ ಓದಿ ಅತ್ತೆ."

ಅತ್ತೆ ಕನ್ನಡಕ ಹಾಕಿಕೊಂಡು, ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ, ಜೋರಾಗಿ ಓದಿದರು.