ಹಿಮ ಮುಟ್ಟದ ಮಾವನ ಎರಡು ಓಟಗಳು

ನನ್ನ ಸೋದರಮಾವನಷ್ಟು ಸ್ಕೀ ಪಂದ್ಯಗಳನ್ನು ಬಲ್ಲವರು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಕಡಿಮೆ ಹಿಮ ಕಂಡವರೂ ಇನ್ನೊಬ್ಬರಿಲ್ಲ! "ಮಾವ, ನೀವು ಹಿಮವನ್ನು ಎಂದಾದರೂ ಮುಟ್ಟಿದ್ದೀರಾ?" ಎಂದು ಒಮ್ಮೆ ವಿನಯದಿಂದಲೇ ಕೇಳಿದೆ.

"ಮುಟ್ಟದೇ ಏನು? ಈ ಮನೇಲಿ ಫ್ರಿಜ್ಜು ಡೀಫ್ರಾಸ್ಟ್ ಮಾಡೋರು ಮತ್ಯಾರು?" ಎಂದು ಗದರಿದರು.

ವೃತ್ತಿಯಿಂದ ಅವರು ಡೀಸೆಲ್ ಮೆಕ್ಯಾನಿಕ್. ಎರಡು ವಾರ ಗಣಿಯಲ್ಲಿ ಕೆಲಸ, ಒಂದು ವಾರ ಕ್ಯಾನಿಂಗ್ಟನ್ನಿನ ಮನೆಯಲ್ಲಿ ವಿರಾಮ. ಗಣಿಯ ಮೆಸ್ಸಿನ ಟೀವಿಯ ರಿಮೋಟು ಎಂದೋ ಕಳೆದುಹೋಗಿ, ಟೀವಿ ಒಂದೇ ಕ್ರೀಡಾವಾಹಿನಿಗೆ ಅಂಟಿಕೊಂಡಿತ್ತಂತೆ. ಹೊರಗೆ ಕೆಂಪು ಧೂಳು, ಒಳಗೆ ಪರದೆಯ ತುಂಬ ಆಲ್ಪ್ಸ್ ಪರ್ವತ. ಹೀಗೆ ಪುರುಷರ 'ಕಂಬೈನ್ಡ್' ಪಂದ್ಯ ಮಾವನನ್ನು ಹಿಡಿಯಿತು, ಇನ್ನೂ ಬಿಟ್ಟಿಲ್ಲ.

ಪಂದ್ಯವೆಂದರೇನು? ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲನೆಯವಳಾದ್ದರಿಂದ ವಿವರಣೆ ಕ್ರಮಬದ್ಧವಾಗಿರಬೇಕೆಂಬ ಅಳುಕು ನನಗಿದೆ. ಬೆಳಗ್ಗೆ ಡೌನ್‌ಹಿಲ್: ಕಡಿದಾದ ಇಳಿಜಾರಿನಲ್ಲಿ ಹೆದ್ದಾರಿಯ ಕಾರಿನ ವೇಗದಲ್ಲಿ ಧುಮುಕುವುದು. ಮಧ್ಯಾಹ್ನ ಸ್ಲಾಲಮ್: ನೆಟ್ಟ ಕಂಬಗಳ ನಡುವೆ ಎಡಕ್ಕೆ ಬಲಕ್ಕೆ ತಿರುಗುತ್ತ ಇಳಿಯುವುದು. ಮೊದಲನೆಯದಕ್ಕೆ ಗುಂಡಿಗೆ ಬೇಕು, ಎರಡನೆಯದಕ್ಕೆ ತಲೆ. ಎರಡೂ ಓಟಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ಒಂದೇ ಒಂದು ಕಂಬ ತಪ್ಪಿದರೆ ಮಾತ್ರ ಎಲ್ಲವೂ ಸೊನ್ನೆ! ಆದರೆ ಸ್ಲಾಲಮ್‌ನಲ್ಲಿ ಒಂದು ದಯೆಯಿದೆ. ಕಂಬ ತಪ್ಪಿದವನು ಬೇಕಿದ್ದರೆ ತಪ್ಪಿದಲ್ಲಿಗೆ ಮತ್ತೆ ಹತ್ತಿಹೋಗಿ, ಅಲ್ಲಿಂದ ಸರಿಯಾಗಿ ಇಳಿದು ಓಟ ಮುಗಿಸಬಹುದು. ಗೆಲ್ಲುವ ಆಸೆಯಂತೂ ಮುಗಿದಿರುತ್ತದೆ. ಆದ್ದರಿಂದ ಬಹಳ ಮಂದಿ ಹತ್ತುವುದಿಲ್ಲ.

ಮಾವನಿಗೆ ಗೆದ್ದವನ ಮೇಲೆ ಆಸಕ್ತಿಯೇ ಇಲ್ಲ. ಜನವರಿಯ ನಲವತ್ತು ಡಿಗ್ರಿ ಬೇಸಿಗೆಯಲ್ಲಿ ಮಂಕಿಕ್ಯಾಪು ಧರಿಸಿ, ಸೋಫಾದಲ್ಲಿ ಮೊಣಕಾಲು ಮಡಿಸಿ ಬಗ್ಗಿ ಕುಳಿತಿರುತ್ತಾರೆ. ಯಾರಾದರೂ ಬಡಪಾಯಿ ಕಂಬ ತಪ್ಪಿಸಿಕೊಂಡು ಮೇಲಕ್ಕೆ ಹೆಜ್ಜೆಯಿಡತೊಡಗಿದರೆ ಸಾಕು, ಎದ್ದು ನಿಂತು "ಹತ್ತು! ಹತ್ತೋ ಮಾರಾಯ, ಹತ್ತು!" ಎಂದು ಕೂಗುತ್ತಾರೆ. ಆಗ ಅವರ ಕಣ್ಣಲ್ಲಿ ನೀರು ಬರುತ್ತದೆ. ಕೇಳಿದರೆ "ಕ್ಯಾಪು ಸೆಕೆ ಕಣೇ" ಎನ್ನುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ನಾನೇಕೆ ಬರೆಯುತ್ತಿದ್ದೆ? ಓಟಕ್ಕೆ ಮುನ್ನ ಸ್ಪರ್ಧಿಗಳು ಕಣ್ಣು ಮುಚ್ಚಿ, ಅಂಗೈಯನ್ನು ಗಾಳಿಯಲ್ಲಿ ತಿರುಗಿಸುತ್ತ ಇಡೀ ದಾರಿಯನ್ನು ಮನಸ್ಸಿನಲ್ಲೇ ಇಳಿಯುತ್ತಾರೆ. ಮಾವ ಇದನ್ನು ಸೂಪರ್‌ಮಾರ್ಕೆಟ್ಟಿಗೆ ಅನ್ವಯಿಸಿದ್ದಾರೆ! ಕಾರ್ ಪಾರ್ಕಿನಲ್ಲಿ ಕಣ್ಣು ಮುಚ್ಚಿ, ಕೈಯನ್ನು ಹಾವಿನಂತೆ ಆಡಿಸುತ್ತ, "ಬ್ರೆಡ್ಡು ಎಡಕ್ಕೆ... ತೊಗರಿಬೇಳೆ ಬಲಕ್ಕೆ... ಹಾಲು, ಶಾರ್ಪ್ ಟರ್ನ್..." ಎಂದು ಗೊಣಗುತ್ತಾರೆ. ಒಮ್ಮೆ ಕಾವಲುಗಾರನೊಬ್ಬ ಓಡಿಬಂದು, ಬಿಸಿಲು ತಲೆಗೇರಿದೆಯೆಂದು ನೀರು ಕೊಟ್ಟ.

"ಏನೂ ಆಗಿಲ್ಲ ಅವರಿಗೆ. ಶಾಪಿಂಗ್ ಮಾಡ್ತಿದ್ದಾರೆ" ಎಂದರು ಅತ್ತೆ.

ಅಂದು ಬಿಲ್ಲಿನ ಸಾಲು ತಲುಪಿದಾಗ ಹಾಲು ಮರೆತದ್ದು ತಿಳಿಯಿತು. ನೀವಾದರೆ ಏನು ಮಾಡುತ್ತೀರಿ? ಹಾಲು ತಂದು ಸಾಲಿಗೆ ಸೇರುತ್ತೀರಿ. ಮಾವ ಟ್ರಾಲಿಯನ್ನು ತಿರುಗಿಸಿ ಹಾಲಿನವರೆಗೆ ಹೋಗಿ, ಅಲ್ಲಿಂದ ಮತ್ತೆ ಮೊಸರು, ಈರುಳ್ಳಿ, ಸೋಪು ಎಲ್ಲವನ್ನೂ ಕ್ರಮವಾಗಿ ಹಾದು ಬಂದರು!

"ಈರುಳ್ಳಿ ಆಗಲೇ ತಗೊಂಡಿದ್ವಲ್ಲ ಮಾವ?"

"ತಪ್ಪಿದ ಕಡೆಯಿಂದಲೇ ಇಳೀಬೇಕು ಪುಟ್ಟಿ. ರೂಲ್ಸು."

ಇತ್ತೀಚೆಗೆ ಈ ಪಂದ್ಯವನ್ನು ಇಬ್ಬರು ಹಂಚಿಕೊಂಡು ಓಡುವ ಪದ್ಧತಿ ಬಂದಿದೆ; ಡೌನ್‌ಹಿಲ್ ಒಬ್ಬನದು, ಸ್ಲಾಲಮ್ ಇನ್ನೊಬ್ಬನದು. ಮಾವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. "ಮೋಸ! ಅರ್ಧ ನೀನು, ಅರ್ಧ ನಾನು ಅನ್ನೋಕೆ ಇದೇನು ಮಸಾಲೆದೋಸೆನಾ?"

ಅತ್ತೆ ಒಗ್ಗರಣೆ ಹಾಕುತ್ತ, "ನಮ್ಮನೇಲಿ ಅಡುಗೆ ನಂದು, ಊಟ ನಿಮ್ದು. ಇಷ್ಟು ವರ್ಷ ಇದು ಮೋಸ ಅನ್ನಿಸ್ಲಿಲ್ವಾ?" ಎಂದರು.

ಈಗ ನನ್ನ ವಿಷಯ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯನ್ನು ಕೈಯಲ್ಲಿ ಹಿಡಿದು, ಒಂದು ವರ್ಷದಿಂದ ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದೆ. ಕಳುಹಿಸಿದ ಅರ್ಜಿಗಳಿಗೆಲ್ಲ ನಿರಾಕರಣೆ ಬಂದಿತ್ತು. ಕೊನೆಗೊಂದು ಕಂಪನಿ ಕರೆಯಿತು: ಬೆಳಗ್ಗೆ ಲಿಖಿತ ಪರೀಕ್ಷೆ, ಮಧ್ಯಾಹ್ನ ಸಂದರ್ಶನ, ಎರಡರ ಅಂಕಗಳನ್ನೂ ಕೂಡಿಸಿ ಒಬ್ಬರಿಗೆ ಕೆಲಸ.

ಪತ್ರ ಓದಿ ಮಾವ ಸೋಫಾದಿಂದ ಜಿಗಿದರು. "ಕಂಬೈನ್ಡ್! ಇದು ಕಂಬೈನ್ಡ್ ಕಣೇ!"

ಲಿಖಿತ ಪರೀಕ್ಷೆಯಲ್ಲಿ ನಾನು ಧುಮುಕಿಯೇ ಬಿಟ್ಟೆ, ಓದಿದ್ದು ಕೈಕೊಡಲಿಲ್ಲ. ಸಂದರ್ಶನದಲ್ಲಿ ಮೂವರಿದ್ದರು. ಎರಡನೆಯ ಪ್ರಶ್ನೆ: ಪಂಪು ವಿಪರೀತ ನಡುಗುತ್ತಿದ್ದರೆ ಮೊದಲು ಏನನ್ನು ನೋಡುವಿರಿ? ಎಂಥ ಸುಲಭ ಪ್ರಶ್ನೆ! ನನ್ನ ನಾಲಿಗೆ ಮರಗಟ್ಟಿತು. ತಪ್ಪು ಹೇಳುವುದಕ್ಕಿಂತ ಹೇಳದಿರುವುದೇ ಲೇಸೆನಿಸಿ "ತಿಳಿಯದು" ಎಂದೆ. ಉಳಿದ ಪ್ರಶ್ನೆಗಳು ಹೇಗೋ ಮುಗಿದವು. ಅವರು ಧನ್ಯವಾದ ಹೇಳಿ ಫೈಲು ಮುಚ್ಚಿದರು, ನಾನು ಅರ್ಧ ಎದ್ದೆ. ಆಗ ಏಕೋ ಹಾಲು ನೆನಪಾಯಿತು! ಈರುಳ್ಳಿಯ ಮುಂದೆ ಗಂಭೀರವಾಗಿ ಟ್ರಾಲಿ ತಳ್ಳುತ್ತಿದ್ದ ಆ ಬೆನ್ನು ನೆನಪಾಯಿತು.

ಮತ್ತೆ ಕುಳಿತೆ. "ಕ್ಷಮಿಸಿ, ನಾನು ಎರಡನೆಯ ಪ್ರಶ್ನೆಗೆ ಹಿಂದಿರುಗಬಹುದೇ?"

ಮೂವರೂ ಮುಖ ಮುಖ ನೋಡಿಕೊಂಡರು. ಮಧ್ಯದಲ್ಲಿದ್ದ ಮಹಿಳೆ ಫೈಲನ್ನು ಮತ್ತೆ ತೆರೆದರು. ತಳದ ಬೋಲ್ಟುಗಳಿಂದ ಆರಂಭಿಸಿ ಬೇರಿಂಗಿನವರೆಗೆ ಒಂದೊಂದನ್ನೂ ಹೇಳಿದೆ.

ಹೊರಗೆ ಬಂದರೆ, ಕಾರ್ ಪಾರ್ಕಿನ ಬಿಸಿಲಲ್ಲಿ ಮಾವ! ಕಣ್ಣು ಮುಚ್ಚಿದ್ದಾರೆ, ಅಂಗೈ ಎಡಕ್ಕೆ ಬಲಕ್ಕೆ ಹರಿಯುತ್ತಿದೆ. ಒಂದು ಕಡೆ ಕೈ ನಿಂತಿತು; ನಿಧಾನವಾಗಿ ಮೇಲಕ್ಕೆ ಹತ್ತಿ, ಮತ್ತೆ ಇಳಿಯಿತು.

"ಮಾವ, ಏನಿದು?"

"ನಿನ್ನ ಇಂಟರ್‌ವ್ಯೂ. ಎಲ್ಲಾದ್ರೂ ಒಂದು ಕಡೆ ತಪ್ಪಿಸ್ಕೋತೀಯ ಅಂತ ಗೊತ್ತಿತ್ತು. ಅದಕ್ಕೇ ಪ್ರತಿ ಸಲವೂ ಒಂದ್ಸಲ ವಾಪಸ್ ಹತ್ತಿಸ್ತಿದ್ದೆ."

ನಡೆದದ್ದನ್ನು ಹೇಳಿದೆ. ಮಾವ ಕಾರಿನ ಬೀಗದಕೈಯನ್ನು ಬಹಳ ಹೊತ್ತು ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು. "ಡಿಪ್ಲೊಮಾದಲ್ಲಿ ಥಿಯರಿ ನಂದು ಫಸ್ಟ್ ಕ್ಲಾಸು ಪುಟ್ಟಿ. ವೈವಾದಲ್ಲಿ ಒಂದೇ ಒಂದು ಪ್ರಶ್ನೆಗೆ ಬಾಯಿ ಬರ್ಲಿಲ್ಲ. ನಾಚಿಕೆಯಾಗಿ ಎದ್ದು ಬಂದ್ಬಿಟ್ಟೆ. ಡಿಪ್ಲೊಮಾ ಅಲ್ಲಿಗೇ ನಿಂತ್ಹೋಯ್ತು. ವಾಪಸ್ ಹತ್ತಬಹುದು ಅಂತ ಯಾರೂ ಹೇಳಿರ್ಲಿಲ್ಲ ನಂಗೆ."

ನಾಲ್ಕು ದಿನಗಳ ನಂತರ ಕೆಲಸ ಸಿಕ್ಕಿದ ಸುದ್ದಿ ಬಂದಾಗ ಅವರು ಗಣಿಯಲ್ಲಿದ್ದರು. ಫೋನಿನಲ್ಲಿ ಹೇಳಿದೆ. ಆ ಕಡೆ ಯಂತ್ರದ ಸದ್ದು ಜೋರಾಗಿತ್ತು. ಅದನ್ನೂ ಮೀರಿಸಿ ಮಾವ ಕೂಗಿದರು.

"ಆ ಇಬ್ರು ಹಂಚ್ಕೊಂಡು ಓಡೋ ಪಂದ್ಯ ಇದ್ಯಲ್ಲ, ಅದು ಮೋಸ ಅಲ್ಲ ಕಣೇ. ಮೊದಲನೇ ಓಟ ನಂದು, ಎರಡನೇದು ನಿಂದು. ಟೋಟಲ್ ಟೈಮು ಸ್ವಲ್ಪ ಜಾಸ್ತಿ ಆಯ್ತು ಅಷ್ಟೇ. ಮೂವತ್ತು ವರ್ಷ."