ನೆಂಟರಿಲ್ಲದ ಜಾಗದಲ್ಲಿ ಒಂದು ಗುಡಾರ

ಮನೆತನದಲ್ಲಿ ಮೊಟ್ಟಮೊದಲು ಬಿ.ಎ. ಪಾಸು ಮಾಡಿದವನಿಗೆ ಒಂದು ವಿಶೇಷವಾದ ಕಾಯಿಲೆ ಅಂಟಿಕೊಳ್ಳುತ್ತದೆ. ಅಚ್ಚಾದದ್ದೆಲ್ಲವೂ ಆಚರಣೆಗೆ ಯೋಗ್ಯವೆಂದು ಅವನು ನಂಬುತ್ತಾನೆ. ನನ್ನ ತಂದೆ ಓದು ಬಾರದವರಾದ್ದರಿಂದ ತಮ್ಮ ಅನುಕೂಲ ನೋಡಿಕೊಂಡು ಸುಖವಾಗಿ ಬದುಕಿದರು. ನಾನು ಓದಬಲ್ಲವನಾದ್ದರಿಂದ ಹಲ್ಲುಜ್ಜುವ ಕ್ರಮವನ್ನೂ ಪುಸ್ತಕ ನೋಡಿ ತಿದ್ದಿಕೊಂಡೆ. ಅದರಿಂದ ವಸಡಿನಲ್ಲಿ ರಕ್ತ ಬಂದಿತು. ಆದರೆ ಕ್ರಮ ಸರಿಯಾಗಿತ್ತು.

ಇಂಥ ನನ್ನ ಕೈಗೆ, ನಾನು ಪಾಠ ಹೇಳುತ್ತಿದ್ದ ಹೈಸ್ಕೂಲಿನ ವಾಚನಾಲಯದಲ್ಲಿ, ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ದೂರದೇಶದ ಪಟ್ಟಣವಾಸಿಗಳು ರಜೆಯಲ್ಲಿ ತಮ್ಮ ಊರಿನಿಂದ ಸ್ವಲ್ಪವೇ ಆಚೆಗೆ ಹೋಗಿ ರಾತ್ರಿ ಕಳೆದು ಬರುತ್ತಾರೆಂದು ಅದರಲ್ಲಿ ಬರೆದಿತ್ತು. ಮೂರು ಚಿತ್ರಗಳಿದ್ದವು: ಕುರಿ ಕಾಯುವವರ ಬಿಡಾರದಂಥ ದುಂಡನೆಯ ಗುಡಾರ, ಮರಗಳ ನಡುವೆ ಹಲಗೆಯ ಪುಟ್ಟ ಮನೆ, ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ. ಪತ್ರಿಕೆಯನ್ನು ಮನೆಗೆ ತಂದು ಹೆಂಡತಿ ಸುಮತಿಗೆ ತೋರಿಸಿದೆ.

"ಪಾಪ, ಇವರಿಗೆ ಮನೆ ಇಲ್ವಾ?" ಎಂದಳು.

"ಉಂಟು. ಮನೆ ಇದ್ದೂ ಹೊರಗೆ ಮಲಗುವುದು."

"ಹಾಗಾದ್ರೆ ಮನೆಯಲ್ಲಿ ಎಂತದೋ ಜಗಳ ಆಗಿದೆ."

ಜಗಳವಲ್ಲ, ವಿಶ್ರಾಂತಿ ಎಂದು ನಾನು ವಿವರಿಸಿದೆ. ಗಂಡ ಹೆಂಡತಿ ಇಬ್ಬರೇ ಹೋಗುತ್ತಾರೆ ಎಂದಾಗ ಮಾತ್ರ ಅವಳು ಅನ್ನದ ಪಾತ್ರೆಯನ್ನು ಕೆಳಗಿಟ್ಟಳು. "ಇಬ್ಬರೇ?" ಎಂದು ಪಿಸುಗುಟ್ಟಿದಳು. ಪಿಸುಗುಟ್ಟಿದ್ದಕ್ಕೆ ಕಾರಣವುಂಟು. ಅತ್ತಾವರದ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ತಾಯಿ, ಇಬ್ಬರು ತಮ್ಮಂದಿರು, ಕಾಲೇಜಿಗೆ ಹೋಗುವ ಒಬ್ಬ ಭಾವ, ಎಲ್ಲರೂ ಇದ್ದೆವು. ನಮ್ಮ ಕೋಣೆಗೂ ಚಾವಡಿಗೂ ನಡುವೆ ಇದ್ದದ್ದು ಒಂದು ಹಲಗೆ. ಮದುವೆಯಾಗಿ ಎರಡು ವರ್ಷ ಕಳೆದಿದ್ದರೂ ಸುಮತಿ ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಅವಳ ತವರಿನವರು ಮಾತ್ರ, ಇವಳು ನಕ್ಕರೆ ಗದ್ದೆಯಾಚೆಗೆ ಕೇಳುತ್ತಿತ್ತೆಂದು ಹೇಳುತ್ತಿದ್ದರು. ಆ ಕ್ಷಣದಲ್ಲೇ ಮಾತು ಕೊಟ್ಟೆ: ಕ್ರಿಸ್‌ಮಸ್ ರಜೆಯಲ್ಲಿ ಒಂದು ರಾತ್ರಿ, ನಾವಿಬ್ಬರೇ, ಆಕಾಶದ ಕೆಳಗೆ.

ಮಾತು ಕೊಟ್ಟ ಮೇಲೆ ಸ್ಥಳದ ಪ್ರಶ್ನೆ ಬಂತು. ಪತ್ರಿಕೆಯವರು ನೀರು, ನೆರಳು, ಗಾಳಿ ಇವನ್ನೆಲ್ಲ ವಿಚಾರಿಸಿದ್ದರು. ನೆಂಟರ ವಿಚಾರ ಎತ್ತಿರಲಿಲ್ಲ. ಮಂಗಳೂರಿನಿಂದ ಬಸ್ಸು ಎಷ್ಟು ದೂರ ಹೋಗುತ್ತದೋ ಅಷ್ಟು ದೂರಕ್ಕೆ ನಮ್ಮ ನೆಂಟರೂ ಹೋಗಿ ನೆಲಸಿದ್ದಾರೆ. ನಾನು ಪಣಂಬೂರು ಎಂದರೆ ಸುಮತಿ, "ಅಲ್ಲಿ ಮಾವ ಇದ್ದಾರೆ" ಎನ್ನುವಳು. ಕದ್ರಿ ಗುಡ್ಡ ಎಂದರೆ ನನ್ನ ತಾಯಿಯ ತಂಗಿ. ಮಾವನ ಮನೆ ಕೂಗಳತೆಯಲ್ಲಿರುವಾಗ ಬಯಲಿನಲ್ಲಿ ಬಟ್ಟೆ ಕಟ್ಟಿ ಮಲಗಿದರೆ, ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಆ ಮನೆಯ ನೀರು ಇನ್ನು ಮುಟ್ಟುವುದಿಲ್ಲವೆಂದು ಊರಿಗೆಲ್ಲ ಸಾರಿದ ಹಾಗೆ. ಮರುದಿನವೇ ಹಿರಿಯರು ರಾಜಿಗೆ ಬಂದು ಕೂರುತ್ತಾರೆ.

ಹಲಗೆಯ ಮನೆಯನ್ನೂ ಯೋಚಿಸದೆ ಇರಲಿಲ್ಲ. ಜೆಪ್ಪಿನ ಹೊಳೆಯ ಬದಿಯಲ್ಲಿ ಪರಿಚಯದವರೊಬ್ಬರ ಮರದ ಡಿಪೋದಲ್ಲಿ ಅಂಥದೊಂದು ಖಾಲಿ ಬಿದ್ದಿತ್ತು. ನೋಡಲು ಹೋದ ಸುಮತಿ ಬಾಗಿಲಿನ ಬೀಗ ಕಂಡದ್ದೇ ಹಿಂದಕ್ಕೆ ಹೆಜ್ಜೆಯಿಟ್ಟಳು. "ಬೀಗ ಇದ್ದರೆ ಮನೆ ಅಂತಲೇ ಲೆಕ್ಕ. ಮಗ ಬೇರೆ ಮನೆ ಮಾಡಿದ ಅಂತ ಅತ್ತೆ ಮೂರು ದಿವಸ ಊಟ ಬಿಡ್ತಾರೆ." ಹಾಗಿದ್ದರೆ ಚಕ್ರದ ಮನೆಯೇ ಸರಿ, ಎಲ್ಲಿಯೂ ನಿಲ್ಲದೆ ಹೋಗುತ್ತಿದ್ದರೆ ಯಾರ ಊರೂ ಅಲ್ಲವಲ್ಲ ಎಂದು ತರ್ಕ ಹೂಡಿದೆ. ಅವಳು ನಕ್ಕಳು, ಶಬ್ದವಿಲ್ಲದೆ. "ಅದು ಇನ್ನೂ ಚಂದ. ಎಲ್ಲ ನೆಂಟರ ಮನೆ ಎದುರಿನಿಂದ ಹೋಗುದು, ಒಬ್ಬರ ಮನೆಗೂ ಇಳಿಯದೆ!" ನಮ್ಮಲ್ಲಿ ಕಾರು ಇಲ್ಲವೆಂಬುದು ಇಬ್ಬರಿಗೂ ಆಮೇಲೆ ನೆನಪಾಯಿತು.

ಕೊನೆಗೆ ದಾರಿ ತೋರಿದವರು ಹಂಪನಕಟ್ಟೆಯ ಹತ್ತಿರ ಹಾಯಿಬಟ್ಟೆಯ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಹಮೀದ್ ಬ್ಯಾರಿ. ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಎಂತ ಮಾಸ್ಟ್ರೇ, ದೊಡ್ಡ ಕೊಡೆ ಅಲ್ವಾ? ಹೊಲಿದು ಕೊಡ್ತೇನೆ. ಉಳ್ಳಾಲದಲ್ಲಿ ನಮ್ಮದೊಂದು ಗಾಳಿಮರದ ತೋಪು ಉಂಟು, ಅಲ್ಲಿ ಹಾಕಿ. ಕೇಳುವವರಿಲ್ಲ" ಎಂದರು.

ಉಳ್ಳಾಲದಲ್ಲಿಯೂ ಕೇಳುವವರಿದ್ದರು: ಸುಮತಿಯ ದೊಡ್ಡಮ್ಮ. ಆದರೆ ಆ ವಾರ ಅವರು ಗುರುಪುರದ ಮಗಳ ಮನೆಯಲ್ಲಿರುತ್ತಾರೆಂದು ಖಚಿತವಾಗಿ ತಿಳಿದಿತ್ತು. ದೊಡ್ಡಮ್ಮ ಇಲ್ಲದ ಉಳ್ಳಾಲದಷ್ಟು ಸುರಕ್ಷಿತ ಸ್ಥಳ ಪ್ರಪಂಚದಲ್ಲಿಲ್ಲವೆಂದು ತೀರ್ಮಾನಿಸಿದೆವು. ಹಮೀದರ ಊರು ನೋಡಿ ಬರುತ್ತೇವೆಂದು ತಾಯಿಗೆ ಹೇಳಿ, ಗುಡಾರದ ಮೂಟೆ, ಕಂಬಗಳ ಕಟ್ಟು, ಸೀಮೆಎಣ್ಣೆ ಸ್ಟವ್, ಉಪ್ಪಿನಕಾಯಿ ಭರಣಿಗಳೊಡನೆ ಹೊರಟೆವು. ಆಗಿನ್ನೂ ಉಳ್ಳಾಲಕ್ಕೆ ಕಡವಿನ ದೋಣಿಯಲ್ಲಿಯೇ ಹೊಳೆ ದಾಟಬೇಕಿತ್ತು. ದೋಣಿ ಹತ್ತಿ ಕುಳಿತು, ಬೆವರು ಒರೆಸಿಕೊಂಡು ತಲೆಯೆತ್ತಿದರೆ ಎದುರಿಗೆ, ಮಡಿಲಲ್ಲಿ ಎಲೆಅಡಿಕೆಯ ಚೀಲ ಇಟ್ಟುಕೊಂಡು, ದೊಡ್ಡಮ್ಮ.

"ಮಗಳ ಮನೆಯಲ್ಲಿ ನನಗೆ ನಿದ್ದೆ ಬರುದಿಲ್ಲ, ವಾಪಸ್ ಬಂದೆ" ಎಂದರು. ಅನಂತರ ನಮ್ಮ ಸಾಮಾನುಗಳನ್ನು ಒಂದೊಂದಾಗಿ ನೋಡಿದರು. "ನೀವು ಎಲ್ಲಿಗೆ?"

ಸುಮತಿ ನೀರು ನೋಡತೊಡಗಿದಳು. ಉತ್ತರ ಹೇಳಬೇಕಾದವನು ಪದವೀಧರನೇ. "ನಿಮ್ಮ ಮನೆಗೇ, ದೊಡ್ಡಮ್ಮ" ಎಂದೆ.

ಅವರ ಮುಖ ಅರಳಿತು. "ಹೌದಾ ಅಳಿಯ! ಹೇಳಿ ಕಳಿಸ್ಲಿಕ್ಕೆ ಎಂತ ಆಗಿತ್ತು ನಿಮಗೆ? ನಮ್ಮಲ್ಲಿ ಸ್ಟವ್ ಇಲ್ಲ ಅಂತ ತಂದದ್ದಾ? ಮತ್ತೆ ಈ ಕಂಬ?"

"ಅದು ಗುಡಾರ. ನಿಮಗೆ ತೋರಿಸಲಿಕ್ಕೆ."

ದೋಣಿಯಲ್ಲಿದ್ದವರೆಲ್ಲ ನನ್ನನ್ನು ಗೌರವದಿಂದ ನೋಡಿದರು. ಹೀಗೆ ನಮ್ಮ ಏಕಾಂತದ ಗುಡಾರ ದೊಡ್ಡಮ್ಮನ ಅಂಗಳದಲ್ಲಿ, ತುಳಸಿಕಟ್ಟೆಗೂ ಬಾವಿಗೂ ನಡುವೆ, ನೆರೆಕರೆಯವರ ಸಮ್ಮುಖದಲ್ಲಿ ಎದ್ದು ನಿಂತಿತು. ಪತ್ರಿಕೆ ನೋಡಿಕೊಂಡು ನಾನು ನಿಲ್ಲಿಸಿದಾಗ ಎರಡು ಸಲ ಬಿತ್ತು. ಪತ್ರಿಕೆ ಮಡಚಿಟ್ಟಾಗ ನಿಂತಿತು. ಬಂದವರೆಲ್ಲ ಒಳಗೆ ಹೋಗಿ, ತಲೆಯೆತ್ತಿ ನೋಡಿ, "ಲಾಯ್ಕುಂಟು" ಎಂದು ಹೊರಬಂದರು. ದೊಡ್ಡಮ್ಮ ಮಾತ್ರ ಒಳಗೆ ಹೋದವರು ಹೊರಬರಲಿಲ್ಲ. ಚಾಪೆ ತರಿಸಿದರು; ಎಲೆಅಡಿಕೆ ತರಿಸಿದರು. ಕತ್ತಲಾಗುವ ಹೊತ್ತಿಗೆ ತಲೆದಿಂಬೂ ಬಂತು. "ಸುಮತೀ, ನಾವಿಬ್ಬರು ಇಲ್ಲೇ ಮಲಗುವ. ಎಂಥ ಗಾಳಿ ಮಾರಾಯ್ತಿ!"

"ನಾನೂ…" ಎಂದು ಬಾಯಿ ತೆರೆದೆ.

"ಛೇ, ಅಳಿಯನನ್ನು ಅಂಗಳದಲ್ಲಿ ಮಲಗಿಸಿದೆ ಅಂತ ಊರವರು ನನಗೆ ಹೇಳ್ಬೇಕಾ? ನಿಮಗೆ ಒಳಗೆ ದೊಡ್ಡ ಮಂಚ ಉಂಟು."

ಮಂಚ ನಿಜವಾಗಿಯೂ ದೊಡ್ಡದಿತ್ತು. ನಾಲ್ಕು ಮೂಲೆಗೆ ಕೆತ್ತನೆಯ ಕಂಬಗಳು, ಅವುಗಳಿಗೆ ಸುತ್ತಲೂ ಇಳಿಬಿಟ್ಟ ಬಿಳಿಯ ಸೊಳ್ಳೆಪರದೆ. ಅದರೊಳಗೆ ಕೋಳಿಸಾರಿನ ಭಾರದಿಂದ ಮಲಗಿಕೊಂಡು, ಕಿಟಕಿಯಿಂದ ಬರುವ ಕಡಲಿನ ಸದ್ದು ಕೇಳುತ್ತಿದ್ದೆ. ಆಗ ಅಂಗಳದಿಂದ ಇನ್ನೊಂದು ಸದ್ದು ಕೇಳಿಸಿತು. ದೊಡ್ಡಮ್ಮ ಏನೋ ಹೇಳಿದರು, ಸುಮತಿ ನಕ್ಕಳು. ಗದ್ದೆಯಾಚೆಗೆ ಕೇಳುವ ನಗೆ. ಅವಳ ತವರಿನವರು ಸುಳ್ಳಾಡಿರಲಿಲ್ಲ. ನಗು ನಿಂತೀತೋ ಎಂದು ನಾನು ಮಗ್ಗುಲಾಗುವುದಕ್ಕೂ ಹೆದರಿದೆ.

ಬೆಳಗ್ಗೆ ದೊಡ್ಡಮ್ಮ ದನ ಕರೆಯಲು ಹೋದಾಗ ಸುಮತಿ ಕಿಟಕಿಯ ಬಳಿ ಬಂದು ಬಳೆ ಸದ್ದು ಮಾಡಿದಳು. ಗುಡಾರದೊಳಗೆ ಎರಡು ಲೋಟ ಕಾಫಿ ಇತ್ತು. ನಾವಿಬ್ಬರೇ. ಅವಳು ನಕ್ಕದ್ದು ಯಾತಕ್ಕೆಂದು ಕೇಳಿದೆ. "ನೀವು ದೋಣಿಯಲ್ಲಿ ಸುಳ್ಳು ಹೇಳಿದ್ದು ದೊಡ್ಡಮ್ಮನಿಗೆ ಆಗಲೇ ಗೊತ್ತಾಗಿತ್ತಂತೆ. ಅಳಿಯನ ಕಿವಿ ಕೆಂಪಾಯ್ತು, ಆದ್ರೂ ಪಾಪ ಎಷ್ಟು ಚಂದ ಮಾಡಿ ಹೇಳಿದ್ರು ಅಂತ" ಎಂದು ಮತ್ತೆ ನಕ್ಕಳು, ಈ ಸಲ ನನ್ನ ಪಕ್ಕದಲ್ಲಿ ಕುಳಿತು. ಕಾಫಿ ಆರುವ ಮೊದಲೇ ಹೊರಗಿನಿಂದ ಕೂಗು ಬಂತು: "ಅಳಿಯಾ, ಒಳಗೆ ಕುರ್ಚಿ ಉಂಟಲ್ಲ, ನೆಲದಲ್ಲಿ ಎಂತಕ್ಕೆ?"

ಗುಡಾರವನ್ನು ಹಿಂದಕ್ಕೆ ತರಲಾಗಲಿಲ್ಲ. ಗುರುಪುರದ ಮಗಳಿಗೆ ತೋರಿಸಬೇಕೆಂದು ದೊಡ್ಡಮ್ಮ ಇಟ್ಟುಕೊಂಡರು. ರಜೆ ಮುಗಿದ ಮೇಲೆ ಹಮೀದ್ ಬ್ಯಾರಿ ಮನೆಗೆ ಬಂದು, "ನಿದ್ದೆ ಹೇಗೆ ಬಂತು ಮಾಸ್ಟ್ರೇ?" ಎಂದು ಆಸೆಯಿಂದ ಕೇಳಿದರು. ಹೊಲಿದುಕೊಟ್ಟವರ ಮನಸ್ಸು ನೋಯಿಸಬಾರದಲ್ಲ. "ಬಹಳ ಸೊಗಸಾಗಿ ಬಂತು. ಸುತ್ತಲೂ ಬಟ್ಟೆ, ಹಿಡಿದು ನಿಲ್ಲಿಸಲು ಕಂಬಗಳು, ಕಿವಿಗೆ ಕಡಲಿನ ಸದ್ದು" ಎಂದೆ. ಒಂದಕ್ಷರವೂ ಸುಳ್ಳಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹಲಗೆಯ ಆಚೆಯಿಂದ, ಮನೆಯವರೆಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಸುಮತಿಯ ಧ್ವನಿ ಬಂತು:

"ಕಂಬಕ್ಕೆ ಕೆತ್ತನೆ ಇತ್ತು, ಅದನ್ನೂ ಹೇಳಿ!"