ಡ್ರೈವರಿಲ್ಲದ ಕಾರಿಗೊಂದು ದೂರು

ಕಣ್ಣು ಮಂಜಾದ ಮೇಲೆ ಮನುಷ್ಯನಿಗೆ ತಾಳ್ಮೆ ಬರುತ್ತದೆಂದು ಹೇಳುವವರಿಗೆ ಕಣ್ಣು ಚೆನ್ನಾಗಿ ಕಾಣುತ್ತಿರಬೇಕು. ಮೂವತ್ತು ವರ್ಷ ಸರ್ಕಾರಿ ಕಚೇರಿಯ ಕಿಟಕಿಯ ಹಿಂದೆ ಕೂತು ಫೈಲು ನೋಡಿದ ನನಗೆ ಬಂದದ್ದು ಬರೀ ಸಿಟ್ಟು. ಹುಣಸೂರಿನಿಂದ ಬೆಟ್ಟದಪುರದ ಅಕ್ಕನ ಮನೆಗೆ ಹೋಗಬೇಕೆಂದರೆ, ಬಸ್ಸಿನ ಬೋರ್ಡು ಓದಿ ಹೇಳಿ ಎಂದು ಕಂಡಕಂಡವರ ಮುಂದೆ ಹಲ್ಲು ಗಿಂಜಬೇಕು. ಅಕ್ಕನಿಗೆ ಎಂಬತ್ತು ದಾಟಿದೆ. ಅವಳಿರುವಾಗಲೇ ನಾಲ್ಕು ಸಲ ಒಬ್ಬನೇ ಹೋಗಿ ಬರಬೇಕೆಂಬುದು ನನ್ನ ಆಸೆ.

ಹಾಗಾಗಿ, ಕಣ್ಣು ಮಂದವಾದ ಹಿರಿಯರಿಗೆಂದೇ ಡ್ರೈವರಿಲ್ಲದ ಕಾರು ಮಾಡುತ್ತಿದ್ದೇವೆ, ಬಂದು ಕೂತು ಅಭಿಪ್ರಾಯ ಹೇಳಿ ಎಂದು ಮೈಸೂರಿನ ಒಂದು ಕಂಪನಿ ಕರೆದಾಗ, ಇಸ್ತ್ರಿ ಶರ್ಟು ಹಾಕಿಕೊಂಡು, ಹೆಂಡತಿಯ ಕೈ ಹಿಡಿದುಕೊಂಡು ಹೊರಟೆ. ಅವರ ಮೈದಾನದಲ್ಲಿ ಕಾರಿಗೆ ಎರಡು ಪ್ರದಕ್ಷಿಣೆ ಹಾಕಿದರೂ ಬಾಗಿಲಿನ ಹಿಡಿ ಸಿಗಲಿಲ್ಲ. ನೋಡಲು ಅಂದವಾಗಿರಲೆಂದು ಅದನ್ನು ಬಾಗಿಲಿನೊಳಗೇ ಹುದುಗಿಸಿದ್ದಾರಂತೆ. ಯಾರು ನೋಡಲು? ಅಂತೂ ಒಳಗೆ ಕೂತು, ಬಸ್ಸಿನ ಕಂಡಕ್ಟರಿಗೆ ಹೇಳುವ ಹಾಗೆಯೇ, "ಬೆಟ್ಟದಪುರ, ಹೊಗೆಸೊಪ್ಪು ಒಣಗಿಸೋ ಬ್ಯಾರನ್ ಹಿಂದ್ಗಡೆ, ಅಕ್ಕನ ಮನೆ" ಎಂದೆ. ಕಂಡಕ್ಟರಾಗಿದ್ದರೆ "ಯಾವ ಬ್ಯಾರನ್ನು ಯಜಮಾನ್ರೇ?" ಎಂದಾದರೂ ಕೇಳುತ್ತಿದ್ದ. ಕಾರು ಟಿಣ್ ಎಂದಿತು, ಅಷ್ಟೇ.

"ಸರ್, ವಿಳಾಸನ ಸ್ಕ್ರೀನ್ ಮೇಲೆ ಟೈಪ್ ಮಾಡ್ಬೇಕು. ಎಲ್ಲಾ ಅಲ್ಲೇ ಬರ್ದಿದೆ, ಓದ್ಕೊಳ್ಳಿ" ಎಂದಳು ಇಂಜಿನಿಯರ್ ಹುಡುಗಿ.

ಮೈಯೆಲ್ಲ ಉರಿದುಹೋಯಿತು. "ಓದೋಕೆ ಕಣ್ಣು ಕಾಣ್ತಿದ್ರೆ ಬೋರ್ಡ್ ನೋಡ್ಕೊಂಡು ಬಸ್ಸಿಗೇ ಹೋಗ್ತಿದ್ನಲ್ಲಮ್ಮ!" ಎಂದು ಕೂಗಿ, ಬಾಗಿಲು ತೆಗೆಯುವುದೂ ಗೊತ್ತಾಗದೆ, ಅವಳೇ ಬಂದು ತೆಗೆಯುವವರೆಗೂ ಒಳಗೇ ಕೂತಿದ್ದೆ.

ಮನೆಗೆ ಬಂದವನೇ ಹೆಂಡತಿಯ ಕೈಗೆ ಪೆನ್ನು ಕೊಟ್ಟು ಅಭಿಪ್ರಾಯ ಪತ್ರ ಬರೆಸತೊಡಗಿದೆ. "ಮೂರ್ಖರೇ" ಎಂಬುದೇ ಮೊದಲ ಮಾತು.

"ಮಾನ್ಯರೇ ಅಂತ ಬರೀಲಾ?" ಎಂದಳು.

"ಹೇಳಿದ್ದಷ್ಟು ಬರಿ" ಎಂದೆ. ಎರಡು ಪುಟ ಬರೆಸಿದರೂ ಬಿಸಿ ಆರದೆ, ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಕಕ್ಕಿದೆ.

ಅಕ್ಕ ನಕ್ಕಳು. "ಬುಡ್ಲಾ, ಅಂಗ್ಯಾಕೆ ಉರಿತೀಯ? ನೀನು ಆಪೀಸಲ್ಲಿದ್ದಾಗ ಒಂದಿನ ಬಂದಿದ್ದೆ ಕಣಪ್ಪ. ಪೆನ್ಸನ್ ಪಟ್ಟೀಲಿ ನನ್ನೆಸ್ರು ಅದಾ ಅಂತ ಕಿಟಕೀಲಿ ಕೇಳ್ದೆ. ನೀನು ಯಾರು ಅಂತ್ಲೂ ನೋಡದೆ, 'ಗ್ವಾಡೆ ಮ್ಯಾಲೆ ಅಂಟ್ಸಿದೀವಿ, ಓದ್ಕೊಳಮ್ಮ' ಅಂದೆ. ನಂಗೆ ಆಗ ಕಣ್ಗೆ ಪೊರೆ ಬಂದಿತ್ತು, ಏನೂ ಕಾಣ್ತಿರ್ನಿಲ್ಲ. ನಿನ್ನ ದನಿ ಮಾತ್ರ ಗುರ್ತು ಸಿಕ್ತು. ನಾಕ್ ಜನದ ಮುಂದೆ ನಿನ್ ಮರ್ವಾದೆ ಯಾಕೆ ಕಳೀಲಿ ಅಂತ ಸುಮ್ಕೆ ಬಸ್ ಅತ್ಬುಟ್ಟೆ."

ಫೋನಿಟ್ಟು ಮತ್ತೆ ಹೆಂಡತಿಯ ಪಕ್ಕ ಬಂದು ಕೂತೆ.

"ಮುಂದಕ್ಕೆ ಹೇಳಿ" ಎಂದಳು ಹೆಂಡತಿ.

"ಆ 'ಮೂರ್ಖರೇ' ಅನ್ನೋದನ್ನ ಹೊಡೆದುಹಾಕು."

"ಮಾನ್ಯರೇ ಅಂತ ಮಾಡ್ಲಾ?"

"ಬೇಡ. 'ಸಹೋದ್ಯೋಗಿಗಳೇ' ಅಂತ ಬರಿ."